ಟಗರಿನ ಕಿವಿ ಹಿಡಿದವಳು

ತಂಬ್ರಹಳ್ಳಿಯ ಕುರಿಗಾರ ಎರ್ರೆಪ್ಪನಿಗೆ ಐವತ್ತೆಂಟು ವರ್ಷ ತುಂಬುವ ತನಕ ಸರಕಾರದಿಂದ ಏನೂ ಬೇಕಾಗಿರಲಿಲ್ಲ. ಸರಕಾರಕ್ಕೂ ಅವನಿಂದ ಏನೂ ಬೇಕಾಗಿರಲಿಲ್ಲ. ಹೀಗೆ ಒಬ್ಬರ ತಂಟೆಗೆ ಒಬ್ಬರು ಹೋಗದೆ ಇಬ್ಬರೂ ಸುಖವಾಗಿದ್ದರು. ಸಾವಿರದ ಒಂಬೈನೂರ ಎಂಬತ್ತಮೂರನೆಯ ಇಸವಿಯ ಭಾದ್ರಪದದಲ್ಲಿ, ಪಕ್ಕದ ಮನೆಯ ಪಾಲಾಕ್ಷಪ್ಪನು ತೀರಿಹೋದ ತನ್ನ ತಂದೆಯ ಫೋಟೋ ಗೋಡೆಗೆ ಹಾಕಿ, ಅದರ ಮೇಲೊಂದು ಕೆಂಪು ಜೀರೋ ಬಲ್ಬು ಹಚ್ಚಿದ್ದೇ ಈ ಸುಖ ಕೆಡುವುದಕ್ಕೆ ಕಾರಣವಾಯಿತು.

ಪಾಲಾಕ್ಷಪ್ಪನೆಂದರೆ ಪಂಚಾಯ್ತಿಗೆ ಎರಡು ಸಲ ನಿಂತು ಎರಡು ಸಲವೂ ಸೋತವನು. ಗೆದ್ದವರಿಗೆ ಕೆಲಸ ಮಾಡುವ ತೊಂದರೆ ಇರುತ್ತದೆ. ಸೋತವನಿಗೆ ಅದಿಲ್ಲವಾದ್ದರಿಂದ, ಅವನು ಅಷ್ಟು ವರ್ಷಗಳನ್ನೂ ಕಚೇರಿಯ ಕಾನೂನು ತಿಳಿದುಕೊಳ್ಳುವುದರಲ್ಲಿ ಕಳೆದಿದ್ದನು. ಅವನ ಮನೆಯ ಕೆಂಪು ದೀಪ ನೋಡಲು ಓಣಿಯೆಲ್ಲ ಬಂತು. ದೀಪ ಚೆನ್ನಾಗಿದೆ ಎಂದು ಕೆಲವರು, ಮುದುಕನೂ ಚೆನ್ನಾಗಿದ್ದಾನೆ ಎಂದು ಕೆಲವರು ಹೇಳಿ ಹೋದರು. ಎರ್ರೆಪ್ಪನ ತಂಗಿ ಪಕ್ಕೀರಮ್ಮ ಮಾತ್ರ ಅಲ್ಲಿ ಏನೂ ಹೇಳದೆ, ನೆಟ್ಟಗೆ ಅಣ್ಣನ ಮನೆಗೆ ಬಂದು ಹೇಳಿದಳು.

"ಬದುಕಿದ್ದಾಗ ಆ ಮುದುಕನ ತಲಿದೆಸಿಗೆ ಒಂದು ಚಿಮಣಿ ಬುಡ್ಡಿ ಇಡಲಿಲ್ಲ. ಈಗ ನೋಡು, ಸತ್ತಮ್ಯಾಲ ಕರೆಂಟು ಹಾಕ್ಯಾರ! ಅಮಾಸಿ ದಿನ ಹಿರೇರು ಬರ್ತಾರ. ಅವರ ಮನ್ಯಾಗ ಮುದುಕಗ ಮುಖ ಐತಿ. ನಮ್ಮ ಅತ್ತಿಗಿಗೆ ಏನೈತಣ್ಣಾ? ಬರೇ ಒಂದು ತಂಬಿಗಿ. ತಂಬಿಗಿ ನೋಡಿ ನಾನು ಎಷ್ಟು ಅಂತ ಅಳ್ಲಿ?"

ಎರ್ರೆಪ್ಪನ ಹೆಂಡತಿ ಕೊಟ್ರಬಸಮ್ಮ ಹಿಂದಿನ ಚಳಿಗಾಲದಲ್ಲಿ ಹೊಟ್ಟೆನೋವೆಂದು ಮೂರು ದಿನ ಮಲಗಿ, ನಾಲ್ಕನೆಯ ದಿನ ಮೈಲಾರಲಿಂಗನ ಪಾದ ಸೇರಿದ್ದಳು. ಮಕ್ಕಳನ್ನು ದೇವರು ಕೊಟ್ಟಿರಲಿಲ್ಲ. ಮಹಾಲಯ ಅಮಾವಾಸ್ಯೆಗೆ ಸತ್ತವರು ಮನೆಗೆ ಬಂದು ಎಡೆ ಉಂಡು ಹೋಗುತ್ತಾರೆ. ಹೆಣ್ಣುಮಕ್ಕಳು ಬರುವುದಿದ್ದರೆ ನೀರು ತುಂಬಿದ ತಂಬಿಗೆಗೆ ಹೊಸ ಸೀರೆ ಉಡಿಸಿ, ಕುಂಕುಮವಿಟ್ಟು, ದೇವರ ಜಗಲಿಯ ಮುಂದೆ ಕೂರಿಸುವುದು ಆ ಮನೆತನದ ಪದ್ಧತಿ. ಕೊಟ್ರಬಸಮ್ಮನಿಗೆ ಇದು ಮೊದಲನೆಯ ಅಮಾವಾಸ್ಯೆ. ಅದಕ್ಕೆ ಇನ್ನು ಹದಿನೆಂಟು ದಿನವಿತ್ತು.

ಎರ್ರೆಪ್ಪನು ಯಾರಿಗೂ ಹೇಳದ ಸಂಗತಿಯೊಂದಿತ್ತು. ಹೆಂಡತಿಯ ಮುಖ ಅವನಿಗೆ ಮಸುಕಾಗುತ್ತ ಬಂದಿತ್ತು. ಅವಳ ಧ್ವನಿ ಕಿವಿಯಲ್ಲಿತ್ತು, ನಡಿಗೆ ಕಣ್ಣಿನಲ್ಲಿತ್ತು, ಬೈಗುಳಗಳಲ್ಲಂತೂ ಒಂದೂ ಕಳೆದಿರಲಿಲ್ಲ. ಮುಖ ಮಾತ್ರ, ಹಿಂಡು ಎದ್ದು ಹೋದ ಮೇಲೆ ಹಟ್ಟಿಯಲ್ಲಿ ಉಳಿಯುವ ಧೂಳಿನಂತೆ, ಇದೆ ಎನ್ನುವಷ್ಟರಲ್ಲಿ ಇರುತ್ತಿರಲಿಲ್ಲ. ಅವಳ ರೊಟ್ಟಿಯೂ ಮರೆತಿರಲಿಲ್ಲ. ಮದುವೆಯಾದ ವರ್ಷವೇ, ಬೀಸುವ ಕಲ್ಲನ್ನು ಎತ್ತಿಡುವಾಗ ಮೇಲಿನ ಹೋಳು ಎರ್ರೆಪ್ಪನ ಕೈಯಿಂದ ಜಾರಿ ಅವಳ ಬಲಗೈಯ ತೋರುಬೆರಳಿನ ಮೇಲೆ ಬಿದ್ದಿತ್ತು. ಹಂಪಸಾಗರದ ವೈದ್ಯನು ಕಟ್ಟಿದ ಕಟ್ಟು ಬಿಚ್ಚಿದಾಗ ಬೆರಳು ಉಳಿದಿತ್ತು, ಮಡಚುವುದನ್ನು ಮಾತ್ರ ಮರೆತಿತ್ತು. ಗೆಣ್ಣು ದಪ್ಪಗಾಗಿ, ಬೆರಳು ನೆಟ್ಟಗೆ ನಿಂತುಬಿಟ್ಟಿತು. ಅಂದಿನಿಂದ ಮೂವತ್ತು ವರ್ಷ ಅವಳು ಬಡಿದ ಪ್ರತಿ ರೊಟ್ಟಿಯ ಮೇಲೂ ಒಂದು ಬೆರಳಿನ ಗೆರೆ. ಈಗ ಪಕ್ಕೀರಮ್ಮ ಬಡಿದು ಕೊಡುವ ರೊಟ್ಟಿ ಚಂದ್ರನ ಹಾಗೆ ದುಂಡಗೆ, ನುಣ್ಣಗೆ ಇರುತ್ತಿತ್ತು. ಎರ್ರೆಪ್ಪ ಅದನ್ನು ಅರ್ಧಕ್ಕೇ ಬಿಟ್ಟು ಏಳುತ್ತಿದ್ದನು.

"ಆಕೀದು ಒಂದು ಫೋಟೋ ಐತಿ," ಎಂದನು ಎರ್ರೆಪ್ಪ ತಂಗಿಗೆ.

ಅದು ಇದ್ದದ್ದು ನಿಜ. ನಾಲ್ಕು ವರ್ಷದ ಹಿಂದೆ, ಎರ್ರೆಪ್ಪ ಹಿಂಡು ಹೊಡೆದುಕೊಂಡು ಹಡಗಲಿಯ ಕಡೆ ಹೋಗಿದ್ದಾಗ, ಕುರಿ ತಳಿ ಏಳಿಗೆ ಸಂಘದವರು ಊರಿಗೆ ಬಂದು, ಅವನು ಕೇಳದೆಯೇ ಅವನ ಹೆಸರಿನಲ್ಲಿ ಮಂಜೂರಾದ ಶೀಮೆ ಟಗರಿನ ಜೊತೆಗೆ ಮನೆಯಲ್ಲಿದ್ದ ಕೊಟ್ರಬಸಮ್ಮನನ್ನೇ ನಿಲ್ಲಿಸಿ ಫೋಟೋ ತೆಗೆದಿದ್ದರು. ಅವನು ತಿರುಗಿ ಬಂದ ದಿನ ಅವಳು ಮುದ್ದೆ ಬಡಿಸುತ್ತ, "ನಿನ್ನ ಹೆಸರಿಗೆ ಬಂದ ಟಗರಿನ ಜೋಡಿ ನನ್ನ ಫೋಟೋ ಹೊಡಕೊಂಡು ಹೋದ್ರು," ಎಂದಿದ್ದಳು.

"ಟಗರು ಎಲ್ಲೈತಿ?"

"ಟಗರು ಹೊಳ್ಳಿ ಲಾರಿಗೆ ಹಾಕ್ಕೊಂಡ್ರು. ಫೋಟೋ ಅಷ್ಟ."

"ಟಗರಿಲ್ಲದ ಫೋಟೋ ಯಾವನಿಗೆ ಬೇಕು!" ಎಂದು ಎರ್ರೆಪ್ಪ ಕೈ ತೊಳೆದು ಮಲಗಿದ್ದನು.

ಈಗ ಟಗರಿಲ್ಲದಿದ್ದರೂ ಚಿಂತೆಯಿಲ್ಲ, ಆ ಫೋಟೋ ಬೇಕಾಗಿತ್ತು.

ಸಂಘದ ಕಚೇರಿ ಹಗರಿಬೊಮ್ಮನಹಳ್ಳಿಯಲ್ಲಿತ್ತು. ಹೊರಡುವ ಮುನ್ನ ಎರ್ರೆಪ್ಪ ಪಾಲಾಕ್ಷಪ್ಪನ ಸಲಹೆ ಕೇಳಿದ. ಕೇಳಬಾರದಿತ್ತು.

"ನೋಡು ಎರ್ರೆಪ್ಪಾ, ಕಚೇರಿಯಾಗ ಮೂರು ಮಾತು ನೆಪ್ಪಿಟ್ಕೋ," ಎಂದು ಪಾಲಾಕ್ಷಪ್ಪ ಮೂರು ಬೆರಳು ಎತ್ತಿದ. "ಮೊದಲು, ಫೋಟೋ ಕೊಡ್ರಿ ಅಂತ ಕೇಳು. ನಕಲು ಕೊಡ್ತೀವಿ ಅಂದ್ರ, ನಕಲು ಬ್ಯಾಡ, ಅಸಲು ಬೇಕು ಅನ್ನು. ಅಸಲು ಕೊಡಂಗಿಲ್ಲ ಅಂದ್ರ ಆವಾಗ, ಆವಾಗ ಮಾತ್ರ, ಮ್ಯಾಲಿನವರಿಗೆ ಅರ್ಜಿ ಹಾಕ್ತೀನಿ ಅನ್ನು. ತಿಳೀತೇನು?"

ಎರ್ರೆಪ್ಪ ಬಸ್ಸಿನಲ್ಲಿ ಉದ್ದಕ್ಕೂ ಮೂರು ಮಾತುಗಳನ್ನು ಜಪಿಸುತ್ತ ಹೋದ. ಜಪ ಒಳ್ಳೆಯದೇ. ಆದರೆ ಕಚೇರಿಯ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟಾಗ, ಮೇಜಿನ ಹಿಂದಿದ್ದ ಗುಮಾಸ್ತ ಗಾದೆಪ್ಪ ಕನ್ನಡಕದ ಮೇಲಿಂದ ನೋಡಿದ ಒಂದೇ ನೋಟಕ್ಕೆ ಮಾತುಗಳ ಸಾಲು ಹಿಂದುಮುಂದಾಗಿ, ಮೊದಲು ಬರಬೇಕಾದದ್ದು ಹಿಂದೆ ಉಳಿದು, ಕೊನೆಯದು ಮೊದಲು ಬಂದುಬಿಟ್ಟಿತು.

"ಮ್ಯಾಲಿನವರಿಗೆ ಅರ್ಜಿ ಹಾಕ್ತೀನ್ರೀ! ಅಸಲು ಕೊಡ್ರಿ!" ಎಂದನು ಎರ್ರೆಪ್ಪ, ಕೈ ಮುಗಿದುಕೊಂಡೇ.

ಗಾದೆಪ್ಪನ ಲೇಖನಿ ನಿಂತಿತು. "ಯಾತರ ಅಸಲು?"

"ಫೋಟೋದ್ರಿ."

"ಯಾವ ಫೋಟೋ?"

"ಟಗರಿನ ಫೋಟೋ ಸ್ವಾಮಿ. ತಂಬ್ರಹಳ್ಳೀದು."

ಗಾದೆಪ್ಪನ ಮುಖದಲ್ಲಿ ರಕ್ತವಿಲ್ಲದಂತಾಯಿತು. ಅದಕ್ಕೆ ಕಾರಣವನ್ನು ಇಲ್ಲೇ ಹೇಳಿಬಿಡುವುದು ಒಳ್ಳೆಯದು. ನಾಲ್ಕು ವರ್ಷದ ಹಿಂದೆ ಸಂಘವು ಇಪ್ಪತ್ತು ಮಂದಿ ಕುರಿಗಾರರಿಗೆ ಇಪ್ಪತ್ತು ಶೀಮೆ ಟಗರುಗಳನ್ನು ಹಂಚಿದ್ದಾಗಿ ಮೇಲಕ್ಕೆ ವರದಿ ಕಳಿಸಿತ್ತು. ಸಾಕ್ಷಿಗೆಂದು ಇಪ್ಪತ್ತು ಫೋಟೋ ಕಡತದಲ್ಲಿದ್ದವು. ಇಪ್ಪತ್ತರಲ್ಲೂ ಮನುಷ್ಯರು ಬೇರೆ ಬೇರೆ. ಟಗರು ಮಾತ್ರ ಒಂದೇ. ಆ ಒಂದು ಬಡ ಪ್ರಾಣಿಯನ್ನು ಲಾರಿಯಲ್ಲಿ ಹೇರಿಕೊಂಡು, ಹಂಪಸಾಗರದಿಂದ ಕೋಗಳಿಯ ತನಕ ಎರಡು ದಿನದಲ್ಲಿ ಇಪ್ಪತ್ತು ಮನೆಗಳ ಮುಂದೆ ಇಳಿಸಿ ಹತ್ತಿಸಿದ್ದರು. ಅಷ್ಟು ಊರು ಸುತ್ತುವ, ಅಷ್ಟು ಜನರ ಜೊತೆ ಫೋಟೋ ಹೊಡೆಸಿಕೊಳ್ಳುವ ಭಾಗ್ಯ ಮಂತ್ರಿಗಳಿಗೂ ಸಿಗುವುದು ಕಷ್ಟ.

"ಫೋಟೋ ಯಾಕ ಬೇಕಪಾ ನಿನಗ?" ಎಂದು ಗಾದೆಪ್ಪ ಮೆಲ್ಲಗೆ ಕೇಳಿದ.

"ನನ್ನ ಹೆಂಡ್ತಿ ಮುಖ ನೋಡಬೇಕ್ರಿ."

ಗಾದೆಪ್ಪ ಇಪ್ಪತ್ತೆರಡು ವರ್ಷ ನೌಕರಿ ಮಾಡಿದ್ದ. ಕಚೇರಿಗೆ ಬಂದು ಹೆಂಡತಿಯ ಮುಖ ಕೇಳಿದವರನ್ನು ಅವನು ಕಂಡಿರಲಿಲ್ಲ. "ನಾಳೆ ಬಾ," ಎಂದು ಅವನನ್ನು ಕಳಿಸಿ, ಕಡತ ಹಿಡಿದುಕೊಂಡು ಸಾಹೇಬರ ಕೋಣೆಗೆ ಓಡಿದ.

ಸಾಹೇಬರು ಮೈಸೂರು ಸೀಮೆಯವರು. ಯಾವ ಕಾಗದವನ್ನಾದರೂ ಮೂರು ಸಲ ಓದಿ, ಅದರಲ್ಲಿ ಬರೆಯದೆ ಇದ್ದದ್ದನ್ನೂ ಹುಡುಕಿ ತೆಗೆಯುವುದರಲ್ಲಿ ಅವರು ಹೆಸರಾದವರು. ಫೋಟೋವನ್ನು ಮೇಜಿನ ಮೇಲಿಟ್ಟು, ಭೂತಕನ್ನಡಿ ಹಿಡಿದು ಕುಳಿತರು.

"ಗಾದೆಪ್ಪ, ಫೋಟೋ ಎಂದರೆ ಸುಮ್ಮನೆ ನೋಡುವುದಲ್ಲ. ಓದಬೇಕು. ಏನು ಕಾಣುತ್ತೆ ಹೇಳಿ."

"ಒಂದು ಹೆಣ್ಣು, ಒಂದು ಟಗರು ಕಾಣ್ತಾವ್ರಿ."

"ಅದು ಎಲ್ಲರಿಗೂ ಕಾಣುತ್ತೆ. ಹೆಣ್ಣುಮಗಳು ಕ್ಯಾಮೆರಾ ನೋಡ್ತಿಲ್ಲ. ಸೆರಗು ಅರ್ಧ ಮುಖಕ್ಕೆ ಬಂದಿದೆ. ಕಣ್ಣು ಬಲಕ್ಕೆ ತಿರುಗಿದೆ. ಬಲಕ್ಕೆ ಏನಿತ್ತು?"

ಗಾದೆಪ್ಪ ಯೋಚಿಸಿದ. "ಲಾರಿ ನಿಂತಿತ್ತ್ರಿ."

"ಲಾರಿ! ಅಂದರೆ ಲಾರಿಯ ನಂಬರು ಓದ್ತಾ ಇದಾಳೆ."

"ಆಕಿಗೆ ಓದಾಕ ಬರ್ತಿರಲಿಕ್ಕಿಲ್ರಿ."

"ಬರೋದಿಲ್ಲ ಅಂತ ನಮಗೆ ಅನ್ನಿಸಬೇಕು, ಅದಕ್ಕೇ ಮುಖಕ್ಕೆ ಸೆರಗು." ಸಾಹೇಬರು ಭೂತಕನ್ನಡಿಯನ್ನು ಕೆಳಗೆ ಜಾರಿಸಿದರು. ಅಲ್ಲಿ ಕೊಟ್ರಬಸಮ್ಮನ ಬಲಗೈ ಟಗರಿನ ಕಿವಿಯನ್ನು ಹಿಡಿದಿತ್ತು. ನಾಲ್ಕು ಬೆರಳು ಮಡಚಿದ್ದವು. ತೋರುಬೆರಳೊಂದು ನೆಟ್ಟಗೆ ಆಕಾಶಕ್ಕೆ ನಿಂತಿತ್ತು.

ಸಾಹೇಬರು ಕನ್ನಡಕ ತೆಗೆದು ಒರೆಸಿಕೊಂಡರು.

"ಒಂದು," ಎಂದರು.

"ಏನ್ರಿ?"

"ಒಂದು ಅಂತ ತೋರಿಸ್ತಿದಾಳೆ, ಗಾದೆಪ್ಪ! ಇರೋದು ಒಂದೇ ಟಗರು ಅಂತ! ನಾಲ್ಕು ವರ್ಷದ ಹಿಂದೆಯೇ ಸಾಕ್ಷಿ ಇಟ್ಟು ಹೋಗಿದಾಳೆ ಈ ಹೆಂಗಸು!"

ಒಂದು ಬೀಸುವ ಕಲ್ಲಿನ ಹೋಳು ಮೂವತ್ತು ವರ್ಷದ ಹಿಂದೆ ಮಾಡಿದ ಕೆಲಸವನ್ನು ಭೂತಕನ್ನಡಿ ಹೇಗೆ ತಾನೇ ತೋರಿಸೀತು? ಬಾಗಿಲಾಚೆ ಚಪ್ಪಲಿ ಹುಡುಕಿಕೊಳ್ಳುತ್ತಿದ್ದ ಎರ್ರೆಪ್ಪನನ್ನು ಒಳಗೆ ಕರೆದು ಒಂದು ಮಾತು ಕೇಳಿದ್ದರೆ ಎಲ್ಲವೂ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಕಚೇರಿಯಲ್ಲಿ ಕಾಗದವನ್ನು ಕೇಳುವ ಪದ್ಧತಿ ಇದೆ. ಮನುಷ್ಯನನ್ನು ಕೇಳುವ ಪದ್ಧತಿ ಇಲ್ಲ.

ಮೂರನೆಯ ದಿನ ಸಂಘದ ಜೀಪು ತಂಬ್ರಹಳ್ಳಿಗೆ ಬಂದು ಕಟ್ಟೆಯ ಮುಂದೆ ನಿಂತಿತು. ಈ ಎರ್ರೆಪ್ಪನ ಹಿಂದೆ ಯಾರಿದ್ದಾರೆ, ಊರಿಗೆ ಎಷ್ಟು ತಿಳಿದಿದೆ ಎಂಬುದನ್ನು ಸಾಹೇಬರು ತಾವೇ ಪರೀಕ್ಷಿಸಲು ಬಂದಿದ್ದರು. ಟಗರಿನ ಮೇಲೆ, ಬೆರಳಿನ ಮೇಲೆ ತಮ್ಮ ಅಗಲವಾದ ಹೆಬ್ಬೆರಳನ್ನು ಒತ್ತಿಟ್ಟು, ಮುಖವಷ್ಟೇ ಕಾಣುವಂತೆ ಫೋಟೋವನ್ನು ಎತ್ತಿ ಹಿಡಿದರು.

"ಈ ಹೆಣ್ಣುಮಗಳು ಏನು ಮಾಡ್ತಿದಾಳೆ? ಒಬ್ಬೊಬ್ಬರೇ ನೋಡಿ ಹೇಳಿ."

ಎರ್ರೆಪ್ಪ ಮುಂದೆ ಬಂದ. ಗಾದೆಪ್ಪ ಅವನ ಎದೆಗೆ ಅಂಗೈ ಕೊಟ್ಟು ಹಿಂದಕ್ಕೆ ತಳ್ಳಿದ. "ನೀನು ಅರ್ಜಿದಾರ. ಅರ್ಜಿದಾರ ದಾಖಲೆ ನೋಡಂಗಿಲ್ಲ."

ಮೊದಲು ನೋಡಿದವಳು ಪಕ್ಕೀರಮ್ಮ. ನೋಡಿದ ಕೂಡಲೇ, "ಯವ್ವಾ! ಅಳಾಕ ಹತ್ಯಾಳ ನಮ್ಮ ಅತ್ತಿಗಿ! ಹೊಟ್ಟಿನೋವು ಆವಾಗ್ಲೇ ಇತ್ತು, ಯಾರಿಗೂ ಹೇಳಲಿಲ್ಲ ತಾಯಿ!" ಎಂದು ಎದೆ ಬಡಿದುಕೊಂಡಳು.

"ಅಳಾದಲ್ಲ ಅದು," ಎಂದಳು ಎದುರು ಮನೆಯ ನೀಲಗಂಗಮ್ಮ. "ನಗು ತಡಕೊಂಡಾಳ. ಗಲ್ಲ ನೋಡ್ರಿ, ಹೆಂಗ ಉಬ್ಬೈತಿ."

"ಉಬ್ಬಿರಾದು ಎಲಿಅಡಿಕಿ," ಎಂದ ಹಿಂದಿನಿಂದ ಒಬ್ಬ.

"ಎಲಿಅಡಿಕಿ ಹಾಕ್ಕೊಂಡು ಸಾಹೇಬ್ರ ಮುಂದ ನಿಂದ್ರತಾಳೇನಲೇ ಆಕಿ? ಸಿಟ್ಟು ಅದು. ನನ್ನ ಎಮ್ಮಿ ಆಕಿ ಹಿತ್ತಲಕ್ಕ ಹೋದಾಗ ಹಿಂಗಾ ನೋಡಿದ್ಲು."

"ಬಿಸಲು ಕಣ್ಣಿಗೆ ಹೊಡೆದೈತಿ, ಅಷ್ಟ."

ಪಾಲಾಕ್ಷಪ್ಪ ಎಲ್ಲರನ್ನೂ ಸರಿಸಿ ಮುಂದೆ ಬಂದು, ಫೋಟೋವನ್ನು ನೇರ ನೋಡಿ, ಓರೆ ನೋಡಿ, ಹಿಂದಕ್ಕೆ ಎರಡು ಹೆಜ್ಜೆ ಇಟ್ಟು ನೋಡಿ, "ಸರ್, ಇದರಾಗ ಅರ್ಥ ಐತಿ," ಎಂದ. ಏನು ಅರ್ಥ ಎಂದು ಅವನಿಗೂ ಗೊತ್ತಿರಲಿಲ್ಲ. ದೊಡ್ಡವರ ಮುಂದೆ ಏನಾದರೊಂದು ಹೇಳಬೇಕಾಗಿತ್ತು. ಸಾಹೇಬರು ಮಾತ್ರ ಆ ಮಾತಿಗೆ ಬೆವತುಹೋದರು.

ಒಂದು ತಾಸು ಕಟ್ಟೆಯ ಮೇಲೆ ಗದ್ದಲವೋ ಗದ್ದಲ. ಅತ್ತವಳು ಎನ್ನುವವರು ಒಂದು ಕಡೆ, ನಕ್ಕವಳು ಎನ್ನುವವರು ಒಂದು ಕಡೆಯಾಗಿ ಊರು ಎರಡಾಯಿತು. ಬದುಕಿದ್ದಾಗ ಮೂವತ್ತು ವರ್ಷದಲ್ಲಿ ಆ ಹೆಣ್ಣುಮಗಳ ಮುಖವನ್ನು ಒಂದು ಸಲವೂ ಹೀಗೆ ನೋಡದಿದ್ದವರು, ಅವಳು ಸತ್ತ ಮೇಲೆ ಅವಳ ಹುಬ್ಬು ಹೇಗಿತ್ತೆಂದು ಕೂಗಾಡಿಕೊಂಡರು. ಊರಿನಲ್ಲಿ ಆ ದಿನ ಕೊಟ್ರಬಸಮ್ಮನ ಮುಖ ನೋಡದವನು ಒಬ್ಬನೇ ಒಬ್ಬ. ಅವನು ಜನರ ಹಿಂದೆ, ಒಂದು ಕಲ್ಲು ಹತ್ತಿ, ತುದಿಗಾಲ ಮೇಲೆ ನಿಂತು ಇಣುಕುತ್ತಿದ್ದ. ಅವನಿಗೆ ಕಂಡದ್ದು ಪಾಲಾಕ್ಷಪ್ಪನ ರುಮಾಲು. ರುಮಾಲು ಸರಿದಾಗ ಸಾಹೇಬರ ಹೆಬ್ಬೆರಳು. ಹೆಬ್ಬೆರಳು ಸರಿಯುವಷ್ಟರಲ್ಲಿ ಫೋಟೋ ಚೀಲದೊಳಗೆ.

"ನೋಡಿದಿರಾ?" ಎಂದರು ಸಾಹೇಬರು ಗಾದೆಪ್ಪನ ಕಿವಿಯಲ್ಲಿ. "ಒಬ್ಬೊಬ್ಬರು ಒಂದೊಂದು ಹೇಳ್ತಾರೆ. ಬೆರಳಿನ ವಿಷಯ ಯಾರೂ ಎತ್ತಲಿಲ್ಲ. ಎಲ್ಲಾ ಕೂಡಿ ಮುಚ್ಚಿಡ್ತಿದಾರೆ. ಊರಿಗೆ ಊರೇ ತಯಾರಾಗಿದೆ."

ಆಮೇಲೆ ಎರ್ರೆಪ್ಪನನ್ನು ಜೀಪಿನ ಮರೆಗೆ ಕರೆದರು.

"ಎರ್ರೆಪ್ಪ, ನಿಮಗೆ ಬರಬೇಕಾದ ಟಗರು ನಾಳೆಯೇ ಬರುತ್ತೆ. ಅರ್ಜಿ ಗಿರ್ಜಿ ಬೇಡ."

"ಟಗರು ಬ್ಯಾಡ್ರಿ. ಫೋಟೋ ಕೊಡ್ರಿ."

ಸಾಹೇಬರು ಗಾದೆಪ್ಪನ ಮುಖ ನೋಡಿದರು. "ಎರಡು ಟಗರು."

"ಒಂದೂ ಬ್ಯಾಡ್ರಿ ನನಗ. ಆಕಿ ಮುಖ ಮರ್ತು ಹೊಂಟೀನ್ರಿ ಯಪ್ಪಾ. ಅಮಾಸಿ ಬಂತು."

"ಬಹಳ ಗಟ್ಟಿ ಮನುಷ್ಯ," ಎಂದು ಸಾಹೇಬರು ನಿಟ್ಟುಸಿರು ಬಿಟ್ಟರು.

ಕೊನೆಗೆ ಒಂದು ಏರ್ಪಾಡಾಯಿತು. ಅಸಲು ಕಚೇರಿಯ ಸೊತ್ತು, ಅದನ್ನು ಕೊಡುವಂತಿಲ್ಲ. ಆ ಫೋಟೋ ಹೊಡೆದಿದ್ದ ಕೊಟ್ಟೂರಿನ ಉಚ್ಚಂಗೆಪ್ಪನ ಸ್ಟುಡಿಯೋದಲ್ಲಿಯೇ ಅದರ ನಕಲು ತೆಗೆಸಿ ದೊಡ್ಡದು ಮಾಡಿಸಿಕೊಡುವುದು. ನಕಲಿನಲ್ಲಿ ಟಗರು ಇರಕೂಡದು, ಲಾರಿಯ ನೆರಳು ಇರಕೂಡದು, ಕೈ ಇರಕೂಡದು. ಮುಖ ಮಾತ್ರ ಇರಬೇಕು, ಅದೂ ಲಾರಿಯ ಕಡೆ ನೋಡುತ್ತಿರಕೂಡದು. ಸಂಘದಿಂದ ತನಗೆ ಬರಬೇಕಾದದ್ದೆಲ್ಲ ಬಂದಿದೆ ಎಂದು ಬರೆದ ಕಾಗದದ ಮೇಲೆ ಎರ್ರೆಪ್ಪ ಹೆಬ್ಬೆಟ್ಟು ಒತ್ತಿದ. ಮುಖ ಬರುವುದೆಂದರೆ ಅವನು ಇನ್ನೂ ಹತ್ತು ಕಾಗದಕ್ಕೆ ಒತ್ತುತ್ತಿದ್ದ.

ಉಚ್ಚಂಗೆಪ್ಪ ಕೆಟ್ಟವನಲ್ಲ. ಅವನ ಕೈಯಲ್ಲಿ ಎಂತಹ ಮುಖಕ್ಕೂ ಕಳೆ ಬರುತ್ತಿತ್ತು. ಗಾದೆಪ್ಪ ಅಸಲು ಫೋಟೋವನ್ನು ಟವೆಲಿನಲ್ಲಿ ಸುತ್ತಿ ತಂದು ಕೊಟ್ಟು, ನಕಲು ತೆಗೆದು ಮುಗಿಯುವ ತನಕ ಸ್ಟುಡಿಯೋದ ಬಾಗಿಲಲ್ಲಿಯೇ ಕುಳಿತು, ಅದನ್ನು ಮತ್ತೆ ಸುತ್ತಿಕೊಂಡು ಹೋದ. ಅದಾದ ಎಂಟನೆಯ ದಿನ ಎರ್ರೆಪ್ಪನಿಗೆ ಬರಹೇಳಿದ್ದರು.

ಗಾಜು ಹಾಕಿದ ದೊಡ್ಡ ಕಟ್ಟಿನೊಳಗೆ ಒಬ್ಬ ಹೆಣ್ಣುಮಗಳು ಕುಳಿತಿದ್ದಳು. ಹಣೆಯಲ್ಲಿ ದುಂಡು ಕುಂಕುಮ, ಮೂಗಿನಲ್ಲಿ ಹೊಳೆಯುವ ನತ್ತು, ತುಟಿಯಲ್ಲಿ ಸಣ್ಣ ನಗು, ಬಾದಾಮಿಯಂತಹ ಎರಡು ಕಣ್ಣು ನೆಟ್ಟಗೆ ಎದುರಿಗೆ.

ಎರ್ರೆಪ್ಪ ಕೈ ಮುಗಿದ. ಪರಸ್ತ್ರೀಯನ್ನು ಕಂಡಾಗ ನಿಲ್ಲುವಂತೆ ಸ್ವಲ್ಪ ಓರೆಯಾಗಿ ನಿಂತ.

"ಇವರು ಯಾರ್ರಿ?"

"ನಿನ್ನ ಹೆಂಡ್ತಿನೋ ಮಾರಾಯ!"

ಎರ್ರೆಪ್ಪ ಹತ್ತಿರ ಹೋಗಿ ನೋಡಿದ, ದೂರ ಬಂದು ನೋಡಿದ. ಗೋಡೆಯ ಮೇಲೆ ಕೊಟ್ಟೂರು, ಕೂಡ್ಲಿಗಿ, ಹರಪನಹಳ್ಳಿಯ ಇನ್ನೂ ಆರೇಳು ಮಂದಿ ತೀರಿಹೋದ ಹೆಣ್ಣುಮಕ್ಕಳು ಕಟ್ಟುಗಳಲ್ಲಿ ಕಾಯುತ್ತಿದ್ದರು. ಎಲ್ಲರಿಗೂ ಅದೇ ಕಣ್ಣು, ಅದೇ ನತ್ತು.

"ಆಕಿ ನತ್ತು ಹಾಕ್ತಿರಲಿಲ್ರಿ," ಎಂದ.

ಉಚ್ಚಂಗೆಪ್ಪ ತಲೆ ತಗ್ಗಿಸಿದ. "ನೋಡಪಾ, ಖರೇ ಹೇಳ್ತೀನಿ. ಅಸಲಿನಾಗ ಮುಖ ಇದ್ದದ್ದು ಜ್ವಾಳದ ಕಾಳಿನಷ್ಟು. ಅದರಾಗೂ ಅರ್ಧ ಸೆರಗು, ಉಳಿದದ್ದು ಸೆರಗಿನ ನೆರಳು. ದೊಡ್ಡದು ಮಾಡಿದ್ರ ಬರೇ ಚುಕ್ಕಿ ಚುಕ್ಕಿ, ಮೂಗು ಯಾವುದು ಬಾಯಿ ಯಾವುದು ತಿಳೀಲಿಲ್ಲ. ಸಾಹೇಬ್ರು ಬ್ಯಾರೆ, ಎದುರಿಗೆ ನೋಡಂಗ ಮಾಡು ಅಂದ್ರು. ನಾನೇ ಕಣ್ಣು ತಿದ್ದಿದೆ."

"ನೀವು ಆಕಿನ್ನ ನೋಡಿದ್ರಲ್ರಿ, ಫೋಟೋ ಹೊಡೆಯಾಗ. ಹೆಂಗಿದ್ಲ್ರಿ?"

"ಆ ದಿನ ಹತ್ತು ಊರು ಮಾಡಿದ್ವಿ. ಟಗರು ನೆಪ್ಪೈತಿ ನೋಡು," ಎಂದ ಉಚ್ಚಂಗೆಪ್ಪ. ಆ ಮಾತಿಗೆ ಅವನಿಗೇ ನಾಚಿಕೆಯಾಯಿತು.

ಎರ್ರೆಪ್ಪ ಬೆಂಚಿನ ಮೇಲೆ ಕುಳಿತ. ಅಳಲಿಲ್ಲ. ಎದ್ದೂ ಹೋಗಲಿಲ್ಲ. ಕೊನೆಗೆ ಉಚ್ಚಂಗೆಪ್ಪ ಒಳಗಿನ ಕತ್ತಲೆ ಕೋಣೆಗೆ ಹೋಗಿ ಕಸದ ಬುಟ್ಟಿ ತಂದು ಅವನ ಮುಂದೆ ಬೋರಲು ಹಾಕಿದ. ದೊಡ್ಡ ಫೋಟೋ ಅಚ್ಚು ಹಾಕುವ ಮೊದಲು, ಬೆಳಕು ಎಷ್ಟು ಬೇಕೆಂದು ನೋಡಲು, ಎರಡು ಬೆರಳಗಲದ ಚೂರು ಕಾಗದವೊಂದರ ಮೇಲೆ ಅಚ್ಚು ಹಾಕಿ ನೋಡುವುದು ಆ ಕಸುಬಿನ ವಾಡಿಕೆ. ಚಿತ್ರದ ಯಾವ ಭಾಗದ ಕೆಳಗೆ ಚೂರು ಬೀಳುತ್ತದೋ ಆ ಭಾಗವಷ್ಟೇ ಅದರಲ್ಲಿ ಮೂಡುತ್ತದೆ. ನೋಡಿದ ಮೇಲೆ ಅದು ಕಸ.

"ಇದರಾಗ ನಾನು ಏನೂ ತಿದ್ದಿಲ್ಲ. ಇದು ಇದ್ದಂಗ ಐತಿ," ಎಂದು ಒಂದು ಚೂರನ್ನು ಆರಿಸಿ ಕೊಟ್ಟ.

ಅದರಲ್ಲಿ ಮುಖವಿರಲಿಲ್ಲ. ಒಂದು ಟಗರಿನ ಕಿವಿ ಇತ್ತು. ಕಿವಿಯನ್ನು ಹಿಡಿದ ಒಂದು ಕೈ ಇತ್ತು. ನಾಲ್ಕು ಬೆರಳು ಮಡಚಿ, ಒಂದು ಬೆರಳು ನೆಟ್ಟಗೆ ನಿಂತಿತ್ತು. ಗೆಣ್ಣು ದಪ್ಪಗಿತ್ತು.

ಎರ್ರೆಪ್ಪ ಅದನ್ನು ಅಂಗೈಯಲ್ಲಿಟ್ಟುಕೊಂಡು ನೋಡಿದ. "ಇದು ನಾನು ಮಾಡಿದ್ದು," ಎಂದ.

ಉಚ್ಚಂಗೆಪ್ಪನಿಗೆ ತಿಳಿಯಲಿಲ್ಲ. ತಿಳಿಯುವುದು ಅಗತ್ಯವೂ ಆಗಿರಲಿಲ್ಲ. ಎರ್ರೆಪ್ಪ ಆ ಚೂರನ್ನು ಭಂಡಾರದ ಚೀಲದಲ್ಲಿ ಮೈಲಾರಲಿಂಗನ ಅರಿಸಿನದ ಜೊತೆಗಿಟ್ಟು, ದೊಡ್ಡ ಕಟ್ಟನ್ನು ತಲೆಯ ಮೇಲೆ ಹೊತ್ತು ಬಸ್ಸು ಹತ್ತಿದ.

ಇತ್ತ ಸುದ್ದಿ ಊರೂರು ಮುಟ್ಟಿತ್ತು. ಫೋಟೋ ಕೇಳಿದವನಿಗೆ ಸಂಘದವರು ಎರಡು ಟಗರು ಕೊಡಲು ಬಂದರಂತೆ ಎಂಬುದು ಹಂಪಸಾಗರಕ್ಕೆ ಹೋಗುವಷ್ಟರಲ್ಲಿ ನಾಲ್ಕು ಟಗರಾಯಿತು. ಉಳಿದ ಹತ್ತೊಂಬತ್ತು ಮಂದಿಯೂ ಕಚೇರಿಯ ಮುಂದೆ ಕುಳಿತು, ಹೆಂಡತಿಯ ಮುಖ ನೋಡಬೇಕೆಂದು ಗೋಳಾಡತೊಡಗಿದರು. ಅವರಲ್ಲಿ ಬಹಳ ಮಂದಿಯ ಹೆಂಡಂದಿರು ಬುತ್ತಿ ಕಟ್ಟಿಕೊಂಡು ಅವರ ಪಕ್ಕದಲ್ಲಿಯೇ ಕುಳಿತಿದ್ದರು. ಅದೇ ವಾರ ಸಂಘದ ಕಪಾಟಿಗೆ ಗೆದ್ದಲು ಹತ್ತಿತು. ಬಹಳ ಶಿಸ್ತಿನ ಗೆದ್ದಲು. ಅಕ್ಕಪಕ್ಕದ ಯಾವ ಕಡತವನ್ನೂ ಮುಟ್ಟದೆ, ಇಪ್ಪತ್ತು ಫೋಟೋಗಳಿದ್ದ ಆ ಒಂದೇ ಕಡತವನ್ನು ತಿಂದು ಹೊರಟುಹೋಯಿತು. ಅಸಲು ಎಂಬುದು ಅಲ್ಲಿಗೆ ಮುಗಿಯಿತು.

ಅಮಾವಾಸ್ಯೆ ಬಂತು. ಪಾಲಾಕ್ಷಪ್ಪ ತಾನೇ ಮುಂದಾಗಿ ತನ್ನ ಮನೆಯಿಂದ ವೈರು ಎಳೆದು, ಎರ್ರೆಪ್ಪನ ಮನೆಯ ಗೋಡೆಗೆ ದೊಡ್ಡ ಫೋಟೋ ಹಾಕಿ, ಮೇಲೆ ಕೆಂಪು ಬಲ್ಬು ಹಚ್ಚಿಕೊಟ್ಟ. ಅಳುತ್ತಿದ್ದಳು ಎಂದವರೂ, ನಗುತ್ತಿದ್ದಳು ಎಂದವರೂ ಕೂಡಿ ಬಂದರು.

"ತದ್ರೂಪ ಆಕೀನಾ! ಬಾ ಅಂದ್ರ ಬರ್ತಾಳ ನೋಡ್ರಿ!" ಎಂದಳು ನೀಲಗಂಗಮ್ಮ.

"ಅಸಲು ಅಂದ್ರ ಇದು," ಎಂದ ಪಾಲಾಕ್ಷಪ್ಪ. "ನಾನು ಹೇಳಿಕೊಟ್ಟಂಗ ಕೇಳಿದ್ದಕ್ಕ ಸಿಕ್ತು."

ಪಕ್ಕೀರಮ್ಮ ಆ ಬಾದಾಮಿ ಕಣ್ಣುಗಳ ಮುಂದೆ ನಿಂತು, ಬರಿಯ ತಂಬಿಗೆಯ ಮುಂದೆ ಎಂದೂ ಬಾರದಷ್ಟು ಕಣ್ಣೀರು ಸುರಿಸಿದಳು. ನತ್ತಿನ ವಿಷಯ ಯಾರೂ ಕೇಳಲಿಲ್ಲ.

ಆದರೆ ಜಗಲಿಯ ಮೇಲೆ, ಮೈಲಾರಲಿಂಗನ ಮೂರ್ತಿಯ ಪಕ್ಕದಲ್ಲಿ, ಸೀರೆಯುಟ್ಟ ತಂಬಿಗೆಗೆ ಒರಗಿಸಿಟ್ಟಿದ್ದ ಒಂದು ಚೂರು ಕಾಗದ ಪಾಲಾಕ್ಷಪ್ಪನ ಕಣ್ಣಿಗೆ ಬಿತ್ತು. ಬಗ್ಗಿ ನೋಡಿದ. ಕಾಗದದ ತುಂಬ ಅರಿಸಿನ ಹತ್ತಿತ್ತು. ಅರಿಸಿನದೊಳಗಿಂದ ಒಂದು ಕಿವಿ ಮಾತ್ರ ನಿಚ್ಚಳವಾಗಿ ಕಾಣುತ್ತಿತ್ತು. ಹೊರಗೆ ಬಂದು ಜನರಿಗೆ ಮೆಲ್ಲಗೆ ಹೇಳಿದ: "ಟಗರಿನ ಕಿವಿಗೆ ಪೂಜಿ ಮಾಡಾಕ ಹತ್ಯಾನ. ಟಗರು ಬ್ಯಾಡ ಅಂದನಲ್ಲ, ಆ ಸಂಕಟ ತಲಿಗೆ ಹತ್ತೈತಿ." ಎಲ್ಲರೂ ತಲೆಯಾಡಿಸಿದರು. ಇದರಲ್ಲಿ ಮಾತ್ರ ಎರಡು ಅಭಿಪ್ರಾಯವಿರಲಿಲ್ಲ.

ಎಡೆ ಇಡುವ ಹೊತ್ತಾಯಿತು. ಪಕ್ಕೀರಮ್ಮ ಹೋಳಿಗೆ, ಪುಂಡಿಪಲ್ಯ, ಅನ್ನ ಬಡಿಸಿ, ಮೇಲೆ ತನ್ನ ದುಂಡನೆಯ ನುಣುಪಾದ ರೊಟ್ಟಿ ಇಟ್ಟಳು. ರೊಟ್ಟಿ ಇನ್ನೂ ಬಿಸಿಯಾಗಿ, ಮೆತ್ತಗಿತ್ತು. ಎರ್ರೆಪ್ಪ ಕೈ ಚಾಚಿ, ತನ್ನ ತೋರುಬೆರಳನ್ನು ರೊಟ್ಟಿಯ ನಡುವೆ ಅಡ್ಡಲಾಗಿ ಒತ್ತಿ ಹಿಡಿದ. ಬಿಸಿ ಬೆರಳಿಗೆ ಹತ್ತಿದರೂ ಬಿಡಲಿಲ್ಲ. ಬೆರಳೆತ್ತಿದಾಗ ಒಂದು ಗೆರೆ ಮೂಡಿತ್ತು.

"ಅಯ್ಯ ಅಣ್ಣಾ! ಎಡಿ ರೊಟ್ಟಿ ಯಾಕ ಕೆಡಿಸ್ತೀಯೋ?"

ಎರ್ರೆಪ್ಪ ಕೆಂಪು ದೀಪದ ಕೆಳಗೆ ನಗುತ್ತಿದ್ದ ಹೆಣ್ಣುಮಗಳ ಕಡೆ ಒಮ್ಮೆ ಹೆದರಿಕೊಂಡೇ ನೋಡಿದ. ಆಮೇಲೆ, ಅವಳಿಗೆ ಕೇಳಿಸಬಾರದೆಂಬಂತೆ ತಂಗಿಯ ಕಿವಿಯ ಹತ್ತಿರ ಬಗ್ಗಿದ.

"ಆಕಿ ಬಾಗಲದಾಗ ಬಂದು ಇಣುಕಿ ನೋಡ್ತಾಳ, ಪಕ್ಕೀರಿ. ಗೋಡಿ ಮ್ಯಾಲ ಈಕಿನ್ನ ಕಂಡು, ನನ್ನ ಮನಿ ಅಲ್ಲ ಇದು ಅಂತ ಹೊಳ್ಳಿ ಹೋಗಿಬಿಟ್ರ? ರೊಟ್ಟಿ ನೋಡಿಯಾದ್ರೂ ಒಳಗ ಬರ್ಲಿ."

ಹಾಗೆಂದು ಅವನು ಎದ್ದು ಹೋಗಿ, ಪಾಲಾಕ್ಷಪ್ಪ ಎಳೆದುಕೊಟ್ಟಿದ್ದ ವೈರನ್ನು ಕಿತ್ತು, ಬಾಗಿಲನ್ನು ಪೂರ್ತಿ ತೆರೆದಿಟ್ಟು, ಎಡೆಯ ಪಕ್ಕದಲ್ಲಿ ಬಂದು ಕುಳಿತ.